ನಾಲ್ಕು ಹೆಜ್ಜೆ ಕಾಂಪೌಂಡರ್

ಸೆರೆಮನೆಯ ಆಸ್ಪತ್ರೆ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಒಂದು ಮೇಜು, ಒಂದು ಉದ್ದ ಬೆಂಚು, ಗಾಜು ಒಡೆದ ಜಾಗಕ್ಕೆ ತಗಡು ಹೊಡೆದ ಔಷಧಿಯ ಬೀರು. ಹಿಂದಿನದರಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಎಂಟು ಕಬ್ಬಿಣದ ಮಂಚ. ಮಂಚಕ್ಕೆ ಬೋಲ್ಟ್ ಯಾಕೆ ಎಂದು ಹೊಸಬರು ಯಾರಾದರೂ ಕೇಳಿದರೆ ಕಾಂಪೌಂಡರ್ ತನ್ನ ಎಡಹುಬ್ಬನ್ನು ಸೀಳಿ ಹೋಗಿದ್ದ ಹಳೆಯ ಗಾಯದ ಗುರುತು ತೋರಿಸುತ್ತಿದ್ದ. "ಮೊದ್ಲು ಬೋಲ್ಟ್ ಇರ್ಲಿಲ್ಲ. ಒಂದಿನ ಮಂಚ ನನ್ನ ಮುಖಕ್ಕೆ ಬಂತು."

ಆ ಎರಡು ಕೋಣೆಗಳಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಕಳೆದ. ಡಾಕ್ಟರು ವಾರಕ್ಕೆ ಎರಡು ಸಲ ಬಂದು ಹೋಗುವವರು. ಮಿಕ್ಕ ದಿನಗಳಲ್ಲಿ ಹೊಲಿಗೆ, ಪಟ್ಟಿ, ಮಾತ್ರೆ, ಹೊರಗಿನ ದೊಡ್ಡಾಸ್ಪತ್ರೆಗೆ ಯಾರು ಹೋಗಬೇಕು ಯಾರು ಬೇಡ ಎಂಬ ತೀರ್ಮಾನ, ಎಲ್ಲವೂ ಅವನ ತಲೆಯ ಮೇಲೆ. ಕೈದಿಗಳು ಅವನಿಗೆ ಇಟ್ಟ ಹೆಸರು 'ನಾಲ್ಕು ಹೆಜ್ಜೆ'. ಮಂಡಿ ಹಿಡಿದುಕೊಂಡು ಯಾರೇ ಬರಲಿ, "ಎದ್ದೇಳು, ನಾಲ್ಕು ಹೆಜ್ಜೆ ಹಾಕು ನೋಡೋಣ" ಎನ್ನದೆ ಅವನು ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು ಬರಬರುತ್ತ ಮುಖದೆದುರೇ ಬಂತು, ಕೊನೆಗೆ ಹೆಂಡತಿಯ ಬಾಯಿಗೂ ಹೋಗಿ ಕೂತಿತು. ಅವಳು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ದಿನವಿಡೀ ಡ್ರೈವರುಗಳ ಜೊತೆ ಜಗಳವಾಡಿ ನಾಲಿಗೆ ಸಾಣೆ ಹಿಡಿದಂತಾಗಿತ್ತು. "ಅಡುಗೆಮನೆಗೆ ನಾಲ್ಕು ಹೆಜ್ಜೆ ಹಾಕಿದ್ರೆ ನೀರು ಸಿಗುತ್ತಲ್ಲ, ನಿಮ್ಮ ಮಂಡಿಯೇನು ಮುರಿದಿಲ್ವಲ್ಲ?" ಎನ್ನುತ್ತಿದ್ದಳು.

ಅವನು ಕಟುಕನ ಮಗ. ಮಾಂಸದ ಮಾರುಕಟ್ಟೆಯ ಕೊನೆಯ ಕಟ್ಟೆ ಅವನ ಅಪ್ಪನದು. ಯಾವ ಕೀಲು ಎಲ್ಲಿ ಬಿಚ್ಚುತ್ತದೆ, ಕತ್ತಿಯ ತುದಿಯನ್ನು ಎಲ್ಲಿ ತೂರಿಸಿದರೆ ಕಾಲು ತಾನಾಗಿ ಬೇರೆಯಾಗುತ್ತದೆ ಎನ್ನುವುದು ಅಕ್ಷರ ಕಲಿಯುವ ಮೊದಲೇ ಅವನಿಗೆ ಗೊತ್ತಿತ್ತು. ಆದರೆ ಉಸಿರಾಡುವ ಕುತ್ತಿಗೆಗೆ ಕತ್ತಿ ಹಚ್ಚಲು ಮಾತ್ರ ಕೈ ಬರಲಿಲ್ಲ. "ಕಟುಕನ ಮನೇಲಿ ಹತ್ತಿಯ ಗೊಂಬೆ ಹುಟ್ಟಿದೆ" ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ. ಅಪ್ಪನ ನಗುವಿಗೂ ಸಿಟ್ಟಿಗೂ ನಡುವೆ ಇದ್ದದ್ದು ಈರುಳ್ಳಿಸಿಪ್ಪೆಯಷ್ಟು ಪರದೆ. ಒಂದು ಬೆಳಿಗ್ಗೆ, ತೂಕದ ಕಲ್ಲೊಂದು ಸಿಗಲಿಲ್ಲವೆಂಬ ಅಲ್ಪ ಕಾರಣಕ್ಕೆ, ಮಚ್ಚು ತಿರುಗಿಸಿ ಹಿಂಬದಿಯಿಂದ ಅಣ್ಣನ ಮಂಡಿಗೆ ಬಾರಿಸಿದ. ಎಲುಬಿನ ಬುಟ್ಟಿಗಳ ನಡುವೆ ಬಿದ್ದ ಅಣ್ಣ ಕೂಗಲೂ ಇಲ್ಲ, ಬಾಯಿ ಮಾತ್ರ ತೆರೆದು ಮುಚ್ಚಿತು. ಮರುಕ್ಷಣ ಅಪ್ಪನೇ ಗೊಳೋ ಎಂದು ಅಳುತ್ತ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೂಳೆ ಕೂರಿಸುವವನ ಮನೆಗೆ ಓಡಿದ. ಅಲ್ಲಿ ಜಗ್ಗಿದರು, ತಿರುಚಿದರು, ಬಿದಿರಿನ ದಬ್ಬೆ ಕಟ್ಟಿದರು. ಒಳಗೆ ಏನಾಗಿದೆಯೆಂದು ಯಾರೂ ನೋಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಣ್ಣನ ಕಾಲು ಮತ್ತೆ ಮಡಚಲಿಲ್ಲ. ಎತ್ತರದ ಸ್ಟೂಲಿನ ಮೇಲೆ ಒಂದು ಕಾಲು ಚಾಚಿ ಕೂತು ಮಾಂಸ ಕಡಿಯುತ್ತಲೇ ಅವನ ಜೀವಮಾನ ಕಳೆಯಿತು.

ಇಂಥ ಮನೆಯಿಂದ ಬಂದವನು ಸೆರೆಮನೆಯ ಕೆಲಸಕ್ಕೆ ಸೇರಿದಾಗ ರಕ್ತ ಕಂಡು ಹೆದರಲಿಲ್ಲ. ಅವನನ್ನು ಹೆದರಿಸಿದ್ದು ತೀರ್ಮಾನಗಳು. ಕೈದಿಯೊಬ್ಬನನ್ನು ಎಕ್ಸ್‌ರೇಗೆ ಕಳಿಸುವುದೆಂದರೆ ವ್ಯಾನು, ಬೇಡಿ, ಇಬ್ಬರು ಕಾವಲಿನವರು, ಮೂರು ಸಹಿ, ಅರ್ಧ ದಿನ. ಮೊದಮೊದಲು ಅವನು ಮಂಡಿ ಊದಿಸಿಕೊಂಡು ಬಂದವರನ್ನೆಲ್ಲ ಕಳಿಸಿಬಿಡುತ್ತಿದ್ದ. ಹತ್ತು ಫಿಲ್ಮ್‌ಗಳಲ್ಲಿ ಒಂಬತ್ತು ಏನೂ ಇಲ್ಲದೆ ವಾಪಸು ಬರುತ್ತಿದ್ದವು. ಅವನ ಕೈ ಸಡಿಲವೆಂಬ ಸುದ್ದಿ ಬ್ಯಾರಕ್ಕುಗಳಲ್ಲಿ ಹರಡಿತು. ಒಬ್ಬ ಜೇಬುಗಳ್ಳ ಮೆಟ್ಟಿಲಿಂದ ಬಿದ್ದೆನೆಂದು ಮಂಡಿ ಹಿಡಿದು ಬಂದ, ಅತ್ತ, ಚೀಟಿ ಪಡೆದ. ದೊಡ್ಡಾಸ್ಪತ್ರೆಯ ಓಣಿಯಲ್ಲಿ ನಾಲಿಗೆಯಡಿ ಬಚ್ಚಿಟ್ಟಿದ್ದ ಬ್ಲೇಡಿನ ಚೂರು ತೆಗೆದು ಕಾವಲಿನವನ ಕೆನ್ನೆಯನ್ನು ಕಿವಿಯಿಂದ ತುಟಿಯವರೆಗೆ ಸೀಳಿ ಓಡಿದ. ಎರಡು ಬೀದಿ ದಾಟುವುದರೊಳಗೆ ಸಿಕ್ಕಿಬಿದ್ದ. ಆಮೇಲೆ ಅವನಿಗೆ ಬಿದ್ದ ಏಟುಗಳ ಗಾಯ ಹೊಲಿದವನೂ ಇದೇ ಕಾಂಪೌಂಡರ್. ಕೆನ್ನೆಗೆ ಹತ್ತೊಂಬತ್ತು ಹೊಲಿಗೆ, ಕಳ್ಳನ ತಲೆಗೆ ಇಪ್ಪತ್ತಮೂರು.

"ಇನ್ನು ಮೇಲೆ ಕಾಲು ಮುರಿದು ಕೈಗೆ ಬಂದ್ರೆ ಮಾತ್ರ ಕಳ್ಸು" ಎಂದರು ಅಂದಿನ ಸೂಪರಿಂಟೆಂಡೆಂಟರು.

ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿತು. ಆರು ತಿಂಗಳಾದ ಮೇಲೆ ಒಬ್ಬ ಗಾರೆಯವನನ್ನು ಎತ್ತಿಕೊಂಡು ಬಂದರು. ಜಾಗದ ಜಗಳದಲ್ಲಿ ಯಾರೋ ಮಂಚದ ಕಾಲು ಕಿತ್ತು ಅವನ ಮಂಡಿಗೆ ಬೀಸಿದ್ದರು. "ನಿಲ್ಲೋಕಾಗಲ್ಲ ಅಣ್ಣಾ" ಎಂದು ಅವನು ಹಲ್ಲು ಕಚ್ಚಿದ. "ನಾಟ್ಕ ಸಾಕು" ಎಂದು ಕಾಂಪೌಂಡರ್ ಮುಲಾಮು ತಿಕ್ಕಿ ಪಟ್ಟಿ ಸುತ್ತಿ ಕಳಿಸಿದ. ಹನ್ನೊಂದು ದಿನ ಆ ಮನುಷ್ಯ ಕಕ್ಕಸಿಗೂ ತೆವಳಿಕೊಂಡು ಹೋದ. ಹನ್ನೆರಡನೇ ದಿನ ಡಾಕ್ಟರ ಕಣ್ಣಿಗೆ ಬಿದ್ದ; ಅವರು ಮುಟ್ಟಿ ನೋಡಿ, ಕಾಂಪೌಂಡರನಿಗೆ ಬೈದು, ಅವನನ್ನು ಎಕ್ಸ್‌ರೇಗೆ ಕಳಿಸಿದರು. ಮಂಡಿಚಿಪ್ಪು ಎರಡು ಹೋಳಾಗಿತ್ತು. ಮೇಲಿನ ಹೋಳನ್ನು ತೊಡೆಯ ಸ್ನಾಯು ಮೂರು ಬೆರಳು ಮೇಲಕ್ಕೆ ಎಳೆದುಕೊಂಡಿತ್ತು. ಗಾರೆಯವನ ಕಾಲು ಕೋಲಿನಂತೆ ನೆಟ್ಟಗಾಯಿತು. ಏಣಿ ಹತ್ತುವ ಕೆಲಸದವನು ಏಣಿ ಹತ್ತದಂತಾದ. ಅಂದು ಸಂಜೆ ಕಾಂಪೌಂಡರ್ ಮನೆಗೆ ಹೋಗಲಿಲ್ಲ, ಮಾಂಸದ ಮಾರುಕಟ್ಟೆಗೆ ಹೋಗಿ ಅಣ್ಣನ ಸ್ಟೂಲಿನ ಪಕ್ಕ ಸುಮ್ಮನೆ ಕೂತಿದ್ದ. "ಏನೋ?" ಎಂದ ಅಣ್ಣ. "ಏನಿಲ್ಲ" ಎಂದ ಇವನು.

ಮುಂದಿನ ವರ್ಷ ಹೊಸ ಡಾಕ್ಟರಮ್ಮ ಬಂದರು. ಎತ್ತರದ ಹೆಂಗಸು, ಮಾತು ಕಮ್ಮಿ, ಕೆಮ್ಮು ಜಾಸ್ತಿ. ಅವನ ಎರಡು ತಪ್ಪುಗಳನ್ನೂ ಕೇಳಿಸಿಕೊಂಡು, ಅವನನ್ನೇ ಬೆಂಚಿನ ಮೇಲೆ ಕೂರಿಸಿ ಪ್ಯಾಂಟು ಮಡಚಿಸಿದರು.

"ಐದು ಪ್ರಶ್ನೆ. ಒಂದಕ್ಕೆ ಹೌದು ಅಂತ ಬಂದ್ರೂ ಎಕ್ಸ್‌ರೇ. ವಯಸ್ಸು ಐವತ್ತೈದು ತುಂಬಿದೆಯಾ? ಮಂಡಿಯಲ್ಲಿ ಬೇರೆಲ್ಲೂ ಇಲ್ಲದೆ ಚಿಪ್ಪು ಒತ್ತಿದಾಗ ಮಾತ್ರ ನೋವಾ? ಇಲ್ಲಿ, ಹೊರಮಗ್ಗುಲಲ್ಲಿ ಸ್ವಲ್ಪ ಕೆಳಗೆ ಒಂದು ಗುಬುಟು ಸಿಗುತ್ತೆ ನೋಡಿ, ಸಣ್ಣ ಮೂಳೆಯ ತಲೆ, ಅದನ್ನ ಒತ್ತಿದ್ರೆ ನೋವಾ? ಕಾಲನ್ನ ಕುರ್ಚಿ ಮೇಲೆ ಕೂತಷ್ಟು ಮಡಚೋಕೆ ಆಗಲ್ವಾ? ಪೆಟ್ಟು ಬಿದ್ದ ಕೂಡ್ಲೇನೂ ಈಗ್ಲೂ, ಎರಡೂ ಸಲ, ನಾಲ್ಕು ಹೆಜ್ಜೆ ಹಾಕೋಕೆ ಆಗ್ಲಿಲ್ವಾ?"

"ಕುಂಟಿದ್ರೆ?"

"ಕುಂಟಿದ್ರೂ ಹೆಜ್ಜೆ ಹೆಜ್ಜೇನೇ. ಎರಡೂ ಕಾಲ ಮೇಲೆ ಎರಡೆರಡು ಸಲ ಭಾರ ಬಿಟ್ರೆ ಸಾಕು."

"ಐದಕ್ಕೂ ಇಲ್ಲ ಅಂದ್ರೆ?"

"ಮೂಳೆ ಮುರಿದಿರೋ ಸಂಭವ ತೀರಾ ಕಮ್ಮಿ. ಐಸ್ ಇಡಿ, ಪಟ್ಟಿ ಕಟ್ಟಿ, ವಾರ ಬಿಟ್ಟು ಮತ್ತೆ ನೋಡಿ. ಒಳಗಿನ ನಾರು ಹರಿದಿರಬಹುದು, ಅದು ಹೇಗೂ ಎಕ್ಸ್‌ರೇಲಿ ಕಾಣಲ್ಲ. ಆದ್ರೆ ಕುಡಿದವನು, ತಲೆಗೆ ಪೆಟ್ಟಾಗಿ ಮಂಕಾದವನು, ಕಾಲಲ್ಲಿ ಸ್ಪರ್ಶವೇ ಇಲ್ದವನು, ಇವರ ಹತ್ರ ಈ ಲೆಕ್ಕ ನಂಬಬೇಡಿ."

"ನಾಟ್ಕದವರು ಬರ್ತಾರಲ್ಲ ಅಮ್ಮಾ?"

ಡಾಕ್ಟರಮ್ಮ ಕೆಮ್ಮಿ ಮುಗಿಸಿ ಹೇಳಿದರು. "ಒಂದಷ್ಟು ಜನ ಮೋಸ ಮಾಡ್ತಾರೆ. ಮಾಡ್ಲಿ. ಫಿಲ್ಮ್ ದಂಡವಾದ್ರೆ ಇನ್ನೊಂದು ತರಿಸಬಹುದು."

ಅಂದಿನಿಂದ ಅದು ಅವನ ಉಸಿರಾಯಿತು. ಗೋಡೆಯಿಂದ ಮೇಜಿನವರೆಗೆ ನೆಲದ ಮೇಲೆ ಬಣ್ಣದಿಂದ ನಾಲ್ಕು ಗೆರೆ ಎಳೆದ. ರಿಜಿಸ್ಟರಿನಲ್ಲಿ ಐದು ಕಾಲಮ್ಮು ಹಾಕಿದ. ದೊಡ್ಡಾಸ್ಪತ್ರೆಗೆ ಹೋಗುವವರು ಕಮ್ಮಿಯಾದರು, ಹೋದವರಲ್ಲಿ ಮುರಿದ ಮೂಳೆ ಸಿಗುವುದು ಜಾಸ್ತಿಯಾಯಿತು. ಹೀಗೇ ವರ್ಷಗಳು ಕಳೆದು ಅವನ ತಲೆಗೂದಲು ಬೆಳ್ಳಗಾಯಿತು.

ಅವನಿಗೆ ಐವತ್ತಾರು ತುಂಬಿದ ವರ್ಷದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಊಟದ ಸಾಲಿನಲ್ಲಿ ಜಗಳ ಹೊತ್ತಿಕೊಂಡಿತು. ಎರಡು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಎರಡನೇ ಬ್ಯಾರಕ್ಕಿನವನೊಬ್ಬ ಐದನೇ ಬ್ಯಾರಕ್ಕಿನವನ ನೀರಿನ ಡಬ್ಬಿ ಕಸಿದ. ಡಬ್ಬಿ ಕಳೆದುಕೊಂಡವನು ಕುದಿಯುವ ಗಂಜಿಯ ಸೌಟನ್ನು ಅವನ ಮುಖಕ್ಕೆ ಎರಚಿದ. ಚರ್ಮ ಬೆಂದವನ ಕೂಗು ಮುಗಿಯುವ ಮೊದಲೇ ಇಡೀ ಅಂಗಳ ಕಲಸಿಹೋಯಿತು. ಸಾಣೆ ಹಿಡಿದ ಚಮಚಗಳು ಹೊರಬಂದವು. ಒಬ್ಬನ ಕಿವಿ ಹರಿದು ಜೋತಾಡಿತು. ಕೆಳಗೆ ಬಿದ್ದವನ ಮೇಲೆ ನಾಲ್ವರು ಹತ್ತಿ ಕುಣಿದರು. ಗಂಜಿಯ ಕಡಾಯಿ ಮಗುಚಿ, ಜಾರಿ ಬಿದ್ದವರ ಅಂಗೈಗಳು ಸುಟ್ಟವು. ಗಂಟೆ ಮೊಳಗಿತು, ವಾರ್ಡರುಗಳು ಲಾಠಿ ಹಿಡಿದು ನುಗ್ಗಿದರು. ತಲೆ, ಭುಜ, ಬೆನ್ನು, ಸಿಕ್ಕಿದ್ದಕ್ಕೆಲ್ಲ ಏಟು. ಹೆಚ್ಚೆಂದರೆ ಏಳು ನಿಮಿಷ. ಆಮೇಲೆ ಎಲ್ಲರೂ ಬಿಸಿಲಲ್ಲಿ ಸಾಲಾಗಿ, ಕೈ ತಲೆಯ ಮೇಲಿಟ್ಟು ಕೂತಿದ್ದರು. ನೆಲದ ಮೇಲೆ ರಕ್ತವೂ ಗಂಜಿಯೂ ಬೆರೆತು ನೊಣ ಮುತ್ತಿತ್ತು.

ಕಾಂಪೌಂಡರ್ ಪಟ್ಟಿಯ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಇಳಿದದ್ದು ಆಗ. ಗಲಾಟೆ ಮುಗಿದಿತ್ತು. ಆದರೆ ಹೆಡ್ ವಾರ್ಡರನ ಸಿಟ್ಟು ಮುಗಿದಿರಲಿಲ್ಲ. ಆರಡಿಯ ಆಳು, ಗೂಳಿಯಂಥ ಕತ್ತು. ಕೈದಿಗಳ ಬಾಯಲ್ಲಿ ಅವನು 'ದೊಣ್ಣೆನಾಯಕ'. ಅವನ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಸೀನುವಂತಿರಲಿಲ್ಲ. ಗಲಾಟೆಯಲ್ಲಿ ಯಾರೋ ಅವನ ಮೂಗಿಗೆ ತಟ್ಟೆಯಿಂದ ಹೊಡೆದು ರಕ್ತ ಬರಿಸಿದ್ದರು. ಯಾರೆಂದು ಗೊತ್ತಾಗದೆ ಅವನು ಸಾಲಿನುದ್ದಕ್ಕೂ ಒಂದೊಂದು ಮುಖ ನೋಡುತ್ತ ನಡೆದ. ದರ್ಜಿಯೊಬ್ಬ ತಲೆಯೆತ್ತಿ ನೋಡಿದ. ಅಷ್ಟೇ ಅವನ ತಪ್ಪು.

ಆ ದರ್ಜಿ ಸಂತನೇನಲ್ಲ. ಭಾವಮೈದುನನ ಹೊಟ್ಟೆಗೆ ಕತ್ತರಿ ಇಳಿಸಿ ಒಳಗೆ ಬಂದವನು. ಆದರೆ ಅಂದು ಅವನು ಹೊಲಿಗೆ ಶೆಡ್ಡಿನಿಂದ ಊಟಕ್ಕೆ ಬಂದು ಸಾಲಿನ ತುದಿಯಲ್ಲಿ ನಿಂತಿದ್ದವನು, ಬಡಿದಾಟಕ್ಕೆ ಕೈ ಹಾಕಿರಲಿಲ್ಲ. ಲಾಠಿ ಮೇಲಕ್ಕೆ ಹೋದದ್ದನ್ನು ಕಾಂಪೌಂಡರ್ ಹತ್ತು ಮಾರು ದೂರದಿಂದ ಕಂಡ. ಮೊದಲ ಏಟು ಚಾಚಿದ್ದ ಬಲಗಾಲಿನ ಮಂಡಿಯ ಹೊರಮಗ್ಗುಲಿಗೆ ಬಿತ್ತು. ಒಣ ಸೌದೆ ಸೀಳಿದಂಥ ಸದ್ದು. ಎರಡನೆಯದೂ ಅಲ್ಲಿಗೇ. ದರ್ಜಿ ಮಗ್ಗುಲಿಗೆ ಉರುಳಿ ಮಣ್ಣು ಕಚ್ಚಿದ.

ಆಸ್ಪತ್ರೆಯ ಬೆಂಚು, ಮಂಚ, ಹೊಸ್ತಿಲು, ಎಲ್ಲ ತುಂಬಿಹೋಯಿತು. ಹದಿನಾಲ್ಕು ಜನ. ಅವತ್ತು ಡಾಕ್ಟರಮ್ಮನ ದಿನವಲ್ಲ. ಕಾಂಪೌಂಡರ್ ಮೊದಲು ಸುಟ್ಟ ಮುಖವನ್ನೂ ಉಸಿರು ಕಟ್ಟಿದವನನ್ನೂ ಆಂಬುಲೆನ್ಸಿಗೆ ಹತ್ತಿಸಿದ. ಕಿವಿ ಹೊಲಿದ, ತಲೆ ಹೊಲಿದ. ಕೈ ಒರಸಿಕೊಳ್ಳುವ ಬಟ್ಟೆ ತೊಟ್ಟಿಕ್ಕತೊಡಗಿತು. ಆಮೇಲೆ ಮಂಡಿಯವರು, ಮೂವರು.

ಮೊದಲನೆಯವನು ಪೈಲ್ವಾನ. ಇಬ್ಬರು ಹೊತ್ತು ತಂದಿದ್ದರು. "ಸತ್ತೆ, ಕಾಲು ಹೋಯ್ತು" ಎಂದು ಛಾವಣಿ ಹಾರುವಂತೆ ಕೂಗುತ್ತಿದ್ದ. ಮಂಡಿ ಕುಂಬಳಕಾಯಿಯಷ್ಟಾಗಿತ್ತು. ಚಿಪ್ಪು ಒತ್ತಿದರೆ ನೋವಿಲ್ಲ, ಗುಬುಟು ಒತ್ತಿದರೆ ನೋವಿಲ್ಲ, ನೋವೆಲ್ಲ ಒಳಮಗ್ಗುಲ ಮಾಂಸದಲ್ಲಿ. ಕಾಲು ಮಡಚಿತು. ಹೆಗಲು ಕೊಟ್ಟು ನಿಲ್ಲಿಸಿ ಕೈ ಬಿಟ್ಟ. ಪೈಲ್ವಾನ ಬೈಯುತ್ತ, ಕುಂಟುತ್ತ, ನಾಲ್ಕು ಗೆರೆ ದಾಟಿದ.

"ಐಸ್. ಮುಂದಿನವ್ನು ಯಾರು?"

"ಇಷ್ಟು ಊದಿದೆ ಕಣಯ್ಯಾ!"

"ನಿನ್ನ ಹೊಟ್ಟೇನೂ ಊದಿದೆ, ಅದ್ಕೂ ಎಕ್ಸ್‌ರೇ ಬರೀಲಾ?" ಎಂದ ಕಾಂಪೌಂಡರ್. ನೋವಿನಲ್ಲೂ ಇಬ್ಬರು ನಕ್ಕರು.

ಎರಡನೆಯವನು ಅರವತ್ತೆರಡರ ಅಜ್ಜ, ಹಳೆಯ ಜೀವಾವಧಿ ಕೈದಿ. ನೂಕುನುಗ್ಗಲಿನಲ್ಲಿ ಬಿದ್ದು ಮಂಡಿ ತರಚಿತ್ತು. ಚೆನ್ನಾಗಿಯೇ ನಡೆದ. ಆದರೂ ಚೀಟಿ ಬರೆದ ಕಾಂಪೌಂಡರ್. "ನಂಗೇನಾಗಿಲ್ಲ" ಎಂದ ಅಜ್ಜ. "ನಿಂಗೆ ಅರವತ್ತೆರಡಾಗಿದೆ, ಅದೇ ಆಗಿರೋದು."

ಮೂರನೆಯವನು ದರ್ಜಿ. ಅವನ ಹಿಂದೆಯೇ ಬಾಗಿಲಲ್ಲಿ ದೊಣ್ಣೆನಾಯಕ ಬಂದು ನಿಂತ. ಮೂಗಿನಡಿ ರಕ್ತ ಕರಿಗಟ್ಟಿತ್ತು, ಲಾಠಿ ಕಂಕುಳಲ್ಲಿತ್ತು.

"ಇವ್ನಿಗೇನಾಗಿಲ್ಲ. ಬಿದ್ದ ಅಷ್ಟೇ. ನಡೀತಾನೆ" ಎಂದ. ದರ್ಜಿಯ ಕಡೆ ತಿರುಗಿ, "ನಡೀತೀಯ ತಾನೇ?"

ದರ್ಜಿಯ ಮುಖ ಬೂದಿಯಾಗಿತ್ತು. ಅವನು ಯಾರ ಕಡೆಯೂ ನೋಡದೆ ಗೋಡೆ ಹಿಡಿದು ಎದ್ದ. ಮೊದಲ ಹೆಜ್ಜೆಗೆ ಕತ್ತಿನ ನರ ಹಗ್ಗದಂತೆ ಉಬ್ಬಿತು. ಎರಡನೆಯದಕ್ಕೆ ಕೆಳತುಟಿಯಿಂದ ರಕ್ತ ಬಂತು, ಕಚ್ಚಿಕೊಂಡಿದ್ದ. ಮೂರು. ನಾಲ್ಕು. ಮೇಜು ಮುಟ್ಟಿದವನೇ ಅದರ ಮೇಲೆ ಮಗುಚಿದ.

"ನೋಡಿದ್ಯಲ್ಲ? ನಿನ್ನ ನಾಲ್ಕು ಹೆಜ್ಜೆ ಆಯ್ತು. ಕಳ್ಸು ಬ್ಯಾರಕ್ಕಿಗೆ."

ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ನಡೆದದ್ದನ್ನು ಕಾಂಪೌಂಡರ್ ಕಂಡಿರಲಿಲ್ಲ. ನಡೆಯಬಲ್ಲವರು ನಡೆಯಲಾರೆವೆಂದು ನಟಿಸುವುದು ದಿನನಿತ್ಯದ ಮಾತು. ನಡೆಯಲಾಗದವನು ನಡೆದು ತೋರಿಸುವುದು ಬೇರೆ. ಅವನು ಮಾತಾಡದೆ ದರ್ಜಿಯನ್ನು ಬೆಂಚಿಗೆ ಎತ್ತಿ ಕೂರಿಸಿದ. ಚಿಪ್ಪು ಒತ್ತಿದ, ಉಸಿರು ಬಿಗಿಯಾಯಿತು ಅಷ್ಟೇ. ಹೆಬ್ಬೆರಳನ್ನು ಹೊರಮಗ್ಗುಲಿಗೆ ಜಾರಿಸಿ ಗುಬುಟಿನ ಮೇಲಿಟ್ಟು ಒತ್ತಿದ. ಅದುಮಿಟ್ಟಿದ್ದ ಕೂಗು ಆಗ ಹೊರಬಿತ್ತು. ಮನುಷ್ಯರ ಗಂಟಲಿನದಲ್ಲ ಅದು. ಅಪ್ಪನ ಕಟ್ಟೆಯ ಹಿಂದೆ ಬೆಳಗಿನ ಹೊತ್ತು ಕೇಳಿಬರುತ್ತಿದ್ದ ಕೂಗು. ಹಿಮ್ಮಡಿ ಹಿಡಿದು ಮಡಚಲು ನೋಡಿದ. ಅರ್ಧಕ್ಕೇ ನಿಂತಿತು, ಬೆರಳಡಿಯಲ್ಲಿ ಒಳಗೆ ಮರಳು ಅರೆದಂತಾಯಿತು.

ಅವನು ಕುರ್ಚಿಗೆ ಹೋಗಿ ಕೂತು ರಿಜಿಸ್ಟರ್ ತೆರೆದ. ಮೂರನೇ ಕಾಲಮ್ಮಿನಲ್ಲಿ 'ಹೌದು', ನಾಲ್ಕನೆಯದರಲ್ಲಿ 'ಹೌದು', ಐದನೆಯದರಲ್ಲಿ 'ಇಲ್ಲ, ನಡೆದ'. ಕೆಳಗೆ ಬರೆದ: ಎಕ್ಸ್‌ರೇ. ಆಮೇಲೆ ಚೀಟಿ ಬರೆಯತೊಡಗಿದ.

"ಏನ್ ಬರೀತಿದೀಯಾ?"

"ಎಕ್ಸ್‌ರೇ."

"ನಡೆದ್ನಲ್ಲೋ!"

"ಐದರಲ್ಲಿ ಒಂದು ಸಾಕು. ಇಲ್ಲಿ ಎರಡಿದೆ."

"ಪೆಟ್ಟು ಹೇಗಾಯ್ತು ಅಂತ ಬರ್ದೆ?"

"ಕಂಡಿದ್ದನ್ನ ಬರ್ದೆ."

ದೊಣ್ಣೆನಾಯಕ ಎರಡು ದಾಪುಗಾಲಿಗೆ ಒಳಬಂದು ಚೀಟಿ ಕಸಿದು ಹರಿದ. ಕಾಂಪೌಂಡರ್ ಇನ್ನೊಂದು ಚೀಟಿ ತೆಗೆದ. ಅದನ್ನೂ ಹರಿದ. ಮೂರನೆಯದಕ್ಕೆ ಕೈ ಹಾಕಿದಾಗ ಮೇಜನ್ನು ಒದ್ದು ಮಗುಚಿದ; ಔಷಧಿ ಬಾಟಲಿಗಳು ಗೋಡೆಗೆ ಬಡಿದು ಚೂರಾದವು. ಬೆಂಚಿನ ಮೇಲಿದ್ದವರೆಲ್ಲ ಮೂಲೆಗೆ ಒತ್ತರಿಸಿದರು. ಕಾಂಪೌಂಡರ್ ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಎದ್ದು ನಿಂತ. ಲಾಠಿ ಬಂತು. ಎಡಮಂಡಿಗೆ ಒಂದು, ಕೆಳಗೆ ಬಿದ್ದ ಮೇಲೆ ಭುಜಕ್ಕೆ ಒಂದು, ರಿಜಿಸ್ಟರ್ ಹಿಡಿದ ಬೆರಳುಗಳಿಗೆ ಒಂದು. ಬೆರಳು ಬಿಡಲಿಲ್ಲ.

"ಈಗ ನೀನು ಹಾಕು ನಾಲ್ಕು ಹೆಜ್ಜೆ! ಹಾಕೋ!"

ಗಾಜಿನ ಚೂರುಗಳ ಮೇಲೆ ಕೈಯೂರಿ ಕಾಂಪೌಂಡರ್ ಎದ್ದ. ಕಣ್ಣ ಮುಂದೆ ಕತ್ತಲು ಬಂದು ಹೋಯಿತು. ಅವನಿಗೇ ಆಶ್ಚರ್ಯವಾಗುವಂತೆ ಕಾಲು ಭಾರ ಹೊತ್ತಿತು. ಒಂದೊಂದೇ ಗೆರೆ ದಾಟಿ, ಕುಂಟುತ್ತ, ಆ ದೈತ್ಯನ ಎದೆಗೆ ಎದೆ ತಾಕುವಷ್ಟು ಹತ್ತಿರ ಹೋಗಿ ನಿಂತ. ಅಷ್ಟರಲ್ಲಿ ಸದ್ದು ಕೇಳಿ ಸೂಪರಿಂಟೆಂಡೆಂಟರು ಓಡಿಬಂದರು. ತೆಳ್ಳಗಿನ ಮನುಷ್ಯ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಬದುಕಿ ಆ ಕುರ್ಚಿಗೆ ಬಂದವರು.

"ಏನ್ರೀ ಇದು? ಎಲ್ರೂ ಶಾಂತವಾಗಿರಿ. ಕಾಂಪೌಂಡರೇ, ನಿಮಗೇನಾಯ್ತು?"

"ಮಂಡಿಗೆ ಪೆಟ್ಟು ಸಾರ್. ಎಕ್ಸ್‌ರೇ ಬೇಕು."

"ನಿಂತಿದೀರಲ್ಲ?"

"ನಿಂತಿದೀನಿ. ನಡೆದೂ ಆಯ್ತು. ಆದ್ರೆ ನಂಗೆ ಐವತ್ತಾರು. ಮೊದಲನೇ ಪ್ರಶ್ನೆಗೇ ಉತ್ತರ ಬಂದುಬಿಡ್ತು." ಅವನು ರಿಜಿಸ್ಟರನ್ನು ಮುಂದೆ ಹಿಡಿದ. "ಅಜ್ಜ, ದರ್ಜಿ, ನಾನು. ಮೂರು ಜನ. ವ್ಯಾನು ಬೇಕು."

ಸೂಪರಿಂಟೆಂಡೆಂಟರು ಹೆಡ್ ವಾರ್ಡರನನ್ನು ನೋಡಿದರು, ನೆಲದ ಗಾಜು ನೋಡಿದರು. "ನೀವು ಹೋಗಿ. ಅಜ್ಜನೂ ಹೋಗ್ಲಿ. ದರ್ಜಿದು ನಾಳೆ ನೋಡೋಣ."

"ಸಾರ್, ಅಜ್ಜನದೂ ದರ್ಜಿದೂ ರಿಜಿಸ್ಟರಲ್ಲಿ ಒಂದೇ ಪುಟದಲ್ಲಿದೆ, ಅದನ್ನ ಜೊತೆಗೇ ಒಯ್ತೀನಿ. ಇಬ್ಬರು ಹೋಗಿ ಮೂರನೆಯವ್ನು ಯಾಕೆ ಬರ್ಲಿಲ್ಲ ಅಂತ ಅಲ್ಲಿ ಕೇಳ್ತಾರೆ. ನಂಗೆ ಸುಳ್ಳು ಹೇಳೋಕೆ ಬರಲ್ಲ, ನಮ್ಮಪ್ಪ ಹೊಡೆದೂ ಕಲಿಸೋಕೆ ಆಗ್ಲಿಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ ಸೂಪರಿಂಟೆಂಡೆಂಟರು ಒಂದು ನಿಮಿಷ ನಿಂತರು. ಕೊನೆಗೆ ಕರವಸ್ತ್ರದಿಂದ ಕತ್ತು ಒರಸಿಕೊಂಡು, "ಹತ್ತಿಸ್ರಪ್ಪ" ಎಂದರು, ಯಾರಿಗೆಂದು ಹೇಳದೆ.

ವ್ಯಾನಿನಲ್ಲಿ ದರ್ಜಿ ಕಾಂಪೌಂಡರನ ಹೆಗಲಿಗೆ ಹಣೆ ಒತ್ತಿಕೊಂಡು ಕೂತಿದ್ದ, ಕೈಗೆ ಬೇಡಿ. ಪ್ರತಿ ಗುಂಡಿಗೂ ಇಬ್ಬರೂ ಒಟ್ಟಿಗೇ ಮುಲುಕುತ್ತಿದ್ದರು. ಅಜ್ಜ ಎದುರು ಸೀಟಿನಲ್ಲಿ ಕಿಟಕಿಯ ಜಾಲರಿಯಿಂದ ಬೀದಿ ನೋಡುತ್ತ, "ಎಷ್ಟೊಂದು ಅಂಗಡಿ ಆಗಿವೆಯಪ್ಪಾ" ಎಂದು ಸಂತೋಷಪಡುತ್ತಿದ್ದ.

ಫಿಲ್ಮ್‌ಗಳು ಬೆಳಕಿನ ಪೆಟ್ಟಿಗೆಯ ಮೇಲೆ ಏರಿದವು. ಅಜ್ಜನ ಮೂಳೆಗೆ ಏನೂ ಆಗಿರಲಿಲ್ಲ. ಕಾಂಪೌಂಡರನ ಮಂಡಿಗೂ ಏನೂ ಇಲ್ಲ, ಬೆರಳೊಂದು ಮಾತ್ರ ಬಿರುಕು ಬಿಟ್ಟಿತ್ತು. ದರ್ಜಿಯದನ್ನು ನೋಡಿ ಅಲ್ಲಿನ ಯುವ ಡಾಕ್ಟರು ನಾಲಿಗೆ ಲೊಚಗುಟ್ಟಿದರು. ಸಣ್ಣ ಮೂಳೆಯ ತಲೆ ಚೂರಾಗಿತ್ತು. ದೊಡ್ಡ ಮೂಳೆಯ ಮೇಲ್ಭಾಗದ ಹೊರ ಅಂಚು ಒಡೆದ ಬಟ್ಟಲಿನಂತೆ ಕುಸಿದಿತ್ತು.

"ಇದರ ಮೇಲೆ ನಡೆಸಿದ್ರಾ? ಹೇಗಾಯ್ತು ಇದು?"

ದರ್ಜಿ ಬಾಗಿಲ ಬಳಿ ನಿಂತಿದ್ದ ಕಾವಲಿನವನನ್ನು ನೋಡಿ ಕಣ್ಣು ಮುಚ್ಚಿಕೊಂಡ. ಕಾಂಪೌಂಡರ್ ಹೇಳಿದ, ಎಷ್ಟು ಏಟು, ಯಾವ ಮಗ್ಗುಲು, ಆಗ ದರ್ಜಿ ಹೇಗೆ ಕೂತಿದ್ದ ಎಂಬುದನ್ನೆಲ್ಲ. ಡಾಕ್ಟರು ಬರೆದುಕೊಂಡರು. ಮಾರನೆಯ ದಿನ ದರ್ಜಿಯ ಕಾಲಿಗೆ ಲೋಹದ ಪಟ್ಟಿಯೂ ಆರು ಸ್ಕ್ರೂಗಳೂ ಬಿದ್ದವು.

ಗಲಾಟೆಯಾದ ಸಂಜೆಯೇ ಹೆಂಡತಿ ಗಂಡನ ಪ್ಯಾಂಟು ಮಡಚಿ ನೀಲಿಗಟ್ಟಿದ ಮಂಡಿ ನೋಡಿದಳು. ಜೋಕು ಮಾಡಲಿಲ್ಲ.

"ಯಾರು?"

ಹೇಳಿದ.

"ಅವ್ನ ಮನೆ ನಂಗೊತ್ತು. ದಿನಾ ಏಳನೇ ನಂಬರ್ ಬಸ್ಸಿಗೆ ಹತ್ತೋನು. ಇನ್ಮೇಲೆ ಅವ್ನು ಓಡಿ ಬಂದ್ರೂ ಒಂದು ನಿಮಿಷ ಮೊದ್ಲೇ ಬಸ್ ಬಿಡಿಸ್ತೀನಿ." ಹೇಳುತ್ತಲೇ ಐಸಿನ ಗಂಟು ಮಂಡಿಯ ಮೇಲಿಟ್ಟು ತಾನೇ ಹಿಡಿದುಕೊಂಡು ಕೂತಳು.

ದರ್ಜಿ ದೊಡ್ಡಾಸ್ಪತ್ರೆಯಿಂದಲೇ ಹೇಳಿಕೆ ಕೊಟ್ಟ, ವಿಚಾರಣೆ ಎಂದು ತೀರ್ಮಾನವಾಯಿತು. ಅದು ಶುರುವಾಗುವುದರೊಳಗೆ ಕಾಂಪೌಂಡರನ ಊಟದ ಡಬ್ಬಿಯಲ್ಲಿ ಸತ್ತ ಇಲಿ ಸಿಕ್ಕಿತು, ಸೈಕಲ್ಲಿನ ಬ್ರೇಕು ಎರಡು ಸಲ ತುಂಡಾಯಿತು, ಮನೆಯ ಕಿಟಕಿ ಒಡೆಯಿತು. ಆದರೆ ನಿಜವಾದ ಬೆಲೆ ತೆತ್ತವನು ಅವನಲ್ಲ. ಐದು ವಾರದ ಮೇಲೆ ಊರುಗೋಲು ಹಿಡಿದು ವಾಪಸು ಬಂದ ದರ್ಜಿಯನ್ನು ಸ್ನಾನದ ಮನೆಯಲ್ಲಿ ಯಾರೋ ಹಿಡಿದು ನಲ್ಲಿಯ ಅಂಚಿಗೆ ಮುಖ ಜಜ್ಜಿದರು. ಬೆಳಿಗ್ಗೆ ಅವನು ಆಸ್ಪತ್ರೆಗೆ ಬಂದಾಗ ಮುಂದಿನ ಮೂರು ಹಲ್ಲು ಅಂಗೈಯಲ್ಲಿದ್ದವು.

"ನೀವು ಕಳಿಸ್ದೇ ಇದ್ದಿದ್ರೆ ಕಾಲು ಹೋಗ್ತಿತ್ತು" ಎಂದ, ಊದಿದ ತುಟಿಯಲ್ಲಿ ಮಾತು ಸೋರುತ್ತ. "ಕಳಿಸಿದ್ದಕ್ಕೆ ಹಲ್ಲು ಹೋಯ್ತು."

ಕಾಂಪೌಂಡರ್ ಬಾಯಿಗೆ ಬೆಳಕು ಹಿಡಿದು ಒಸಡು ಒರಸಿದ. ಕಾನೂನಿನ ಪ್ರಕಾರ ಅವನು ಮಾಡಿದ್ದು ಸರಿ, ಡಾಕ್ಟರಮ್ಮನ ಲೆಕ್ಕದ ಪ್ರಕಾರವೂ ಸರಿ. ಆದರೆ ಆ ಸರಿ ಇನ್ನೊಬ್ಬನ ಬಾಯಿಯೊಳಗೆ ಹೋಗಿ ರಕ್ತವಾಗಿ ಬಂದಿತ್ತು. "ಹೇಳಿಕೆ ವಾಪಸ್ ತಗೋತೀಯೇನಪ್ಪಾ? ತಗೊಂಡ್ರೂ ನಾನು ತಪ್ಪು ತಿಳ್ಕೊಳ್ಳಲ್ಲ" ಎಂದ.

ದರ್ಜಿ ರಕ್ತ ಉಗುಳಿದ. "ಮುರಿಯೋದೆಲ್ಲ ಮುರಿದಾಯ್ತಲ್ಲ. ಇನ್ನೇನು ಉಳ್ಸಿಕೊಳ್ಳೋಕೆ ಹೆದರ್ಲಿ?" ಆದರೆ ಅವನು ಧನ್ಯವಾದ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಕಾಂಪೌಂಡರ್ ಅವನನ್ನು ಆಸ್ಪತ್ರೆಯ ಮಂಚಕ್ಕೆ ಸೇರಿಸಿಕೊಂಡ. ವಿಚಾರಣೆ ಮುಗಿಯುವವರೆಗೆ, ಎರಡೂವರೆ ತಿಂಗಳು, ಒಂದಲ್ಲ ಒಂದು ಜ್ವರ ಬರೆದು ಅಲ್ಲೇ ಇಟ್ಟುಕೊಂಡ. ಇಪ್ಪತ್ತೊಂಬತ್ತು ವರ್ಷದಲ್ಲಿ ರಿಜಿಸ್ಟರಿನಲ್ಲಿ ಅವನು ಬರೆದ ಸುಳ್ಳುಗಳೆಂದರೆ ಆ ಜ್ವರಗಳು ಮಾತ್ರ.

ವಿಚಾರಣೆಯ ಕೋಣೆಯಲ್ಲಿ ದೊಣ್ಣೆನಾಯಕ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಕೈಕಟ್ಟಿ ಕೂತಿದ್ದ. ಅವನ ಪರ ಬಂದ ವಕೀಲರು ರಿಜಿಸ್ಟರಿನ ಪುಟ ತೆರೆದು ಐದನೇ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಇಲ್ಲಿ ನೀವೇ ಬರ್ದಿದೀರಿ: 'ನಡೆದ'. ಸರೀನಾ?"

"ಸರಿ."

"ನಿಮ್ಮನ್ನ ಎಲ್ರೂ ನಾಲ್ಕು ಹೆಜ್ಜೆ ಅಂತಲೇ ಕರೀತಾರೆ. ನಿಮ್ಮ ಪರೀಕ್ಷೇಲೇ ಅವ್ನು ಪಾಸಾದ. ಆದ್ರೂ ಕಳ್ಸಿದ್ರಿ. ಅಂದ್ರೆ ನನ್ನ ಕಕ್ಷಿದಾರರ ಮೇಲೆ ಹಗೆ ಸಾಧಿಸೋಕೆ ತಾನೇ?"

ಕಾಂಪೌಂಡರ್ ಮೈಭಾರವನ್ನು ಬಲಗಾಲಿಗೆ ಬದಲಿಸಿದ. ಎಡಗಾಲು ಅವನಿಗೆ ಈಗಲೂ ಹೆಚ್ಚು ಹೊತ್ತು ನಿಲ್ಲಗೊಡುತ್ತಿರಲಿಲ್ಲ.

"ಸ್ವಾಮಿ, ನಾಲ್ಕು ಹೆಜ್ಜೆ ಹಾಕಿಸೋದು ಕಾಲಿನ ಶಕ್ತಿ ನೋಡೋಕೆ. ಅವತ್ತು ನಡೆದಿದ್ದು ಕಾಲಲ್ಲ, ಭಯ. ಭಯಕ್ಕೆ ಮೂಳೆ ಬೇಕಾಗಿಲ್ಲ. ಅದ್ಕೇ ಪ್ರಶ್ನೆ ಐದಿರೋದು. ಒಂದನ್ನ ದೊಣ್ಣೆ ತೋರ್ಸಿ ಬದಲಾಯಿಸಬಹುದು. ಮಡಚದ ಮಂಡಿಯನ್ನ ಯಾವ ದೊಣ್ಣೆ ತೋರ್ಸಿ ಮಡಚಿಸ್ತೀರಿ?"

ವಕೀಲರು ಪುಟ ಮುಚ್ಚಿದರು. ಅಜ್ಜನೂ ಸಾಕ್ಷಿ ಹೇಳಿದ, ಪೈಲ್ವಾನನೂ ಹೇಳಿದ. ಐಸ್ ಇಟ್ಟು ಕಳಿಸಿದ್ದ ಸಿಟ್ಟು ಅವನಿಗೆ ಇನ್ನೂ ಇತ್ತು, ಆದರೂ ಕಂಡದ್ದನ್ನು ಹೇಳಿದ. ಹೆಡ್ ವಾರ್ಡರನಿಗೆ ಕೆಲಸ ಹೋಯಿತು, ಹದಿನೆಂಟು ತಿಂಗಳ ಶಿಕ್ಷೆಯಾಯಿತು, ಬೇರೆ ಊರಿನ ಸೆರೆಮನೆಯಲ್ಲಿ. ಸ್ನಾನದ ಮನೆಯಲ್ಲಿ ಹೊಡೆದವರು ಯಾರೆಂದು ಕೊನೆಗೂ ಹೊರಬರಲಿಲ್ಲ.

ದರ್ಜಿ ಮತ್ತೆ ಹೊಲಿಗೆ ಶೆಡ್ಡಿಗೆ ಹೋದ. ಬಲಗಾಲು ಮುಕ್ಕಾಲು ಮಡಚುತ್ತಿತ್ತು, ಯಂತ್ರ ತುಳಿಯಲು ಅಷ್ಟು ಸಾಕಾಯಿತು. ಕಾಂಪೌಂಡರ್ ಇನ್ನೆರಡು ವರ್ಷ ಅದೇ ಎರಡು ಕೋಣೆಯಲ್ಲಿದ್ದು ನಿವೃತ್ತನಾದ. ವಾರ್ಡರುಗಳು ಬೀಳ್ಕೊಡುಗೆಗೆ ಬರಲಿಲ್ಲ. ಅವನ ಜಾಗಕ್ಕೆ ಬಂದ ನರ್ಸಮ್ಮನಿಗೆ ಅವನು ಬೀರುವಿನ ಕೀಲಿ, ರಿಜಿಸ್ಟರು, ಬೋಲ್ಟ್ ಬಿಗಿಯುವ ಸ್ಪ್ಯಾನರು ಒಪ್ಪಿಸಿದ. ಅವಳು ನೆಲದ ಗೆರೆಗಳನ್ನು ನೋಡಿ ಏನಿದು ಎಂದು ಕೇಳಿದಳು.

"ಕೂತ್ಕೋ ಮಗಳೇ, ಹೇಳ್ತೀನಿ" ಎಂದ. ಹೇಳಿ ಮುಗಿಸುವುದರೊಳಗೆ ಅಂಗಳದಲ್ಲಿ ಮತ್ತೆ ಯಾರೋ ಕೂಗಿಕೊಂಡರು. ಇಬ್ಬರೂ ಎದ್ದು ಬಾಗಿಲಿಗೆ ಹೋದರು.